ಎಲ್ಲಿ ಬಿಟ್ರಿ, ಯಾಕೆ ಬಿಟ್ರಿ?

ಮಧ್ಯಂತರ:
ಇತ್ತೀಚೆಗೆ ಏನು ನೋಡಿದಿರಿ ಅಂತ ಕೇಳಿದರೆ ಎಲ್ಲರೂ ಒಂದು ಹೆಸರು ಹೇಳಿ, ಪಕ್ಕಕ್ಕೆ ನಾಲ್ಕು ಸ್ಟಾರ್ ಅಂಟಿಸಿ ಹೋಗುತ್ತಾರೆ. ಅದರಿಂದ ನನಗೇನೂ ಗೊತ್ತಾಗಲ್ಲ. ಅದಕ್ಕೇ ಈ ಸಲ ಬೇರೆ ಥರ ಕೇಳುತ್ತಿದ್ದೇನೆ. ಕೊನೆತನಕ ನೋಡಿದ್ದು ಯಾವುದು? ಅರ್ಧಕ್ಕೆ ಬಿಟ್ಟಿದ್ದು ಯಾವುದು? ಬಿಟ್ಟಿದ್ದರೆ ಎಷ್ಟನೇ ನಿಮಿಷದಲ್ಲಿ? ನಿಮಿಷ ಕೇಳಿದರೆ ಸುಳ್ಳು ಹೇಳೋದು ಕಷ್ಟ.

ನನ್ನಿಂದಲೇ ಶುರುವಾಗಲಿ.

ಪೂರ್ತಿ ನೋಡಿದ್ದು 'ಅಡಾಲಸೆನ್ಸ್'. 2025ರ ಬ್ರಿಟಿಷ್ ಸೀರೀಸ್, ನಾಲ್ಕೇ ಕಂತು. ಹದಿಮೂರು ವರ್ಷದ ಹುಡುಗನ ಮೇಲೆ ಜೊತೆಗೆ ಓದುವ ಹುಡುಗಿಯ ಕೊಲೆ ಆರೋಪ. ಒಂದೊಂದು ಕಂತೂ ಒಂದೇ ಶಾಟ್, ಅಂದರೆ ಕ್ಯಾಮೆರಾ ಒಮ್ಮೆಯೂ ನಿಲ್ಲಿಸದೆ ತೆಗೆದದ್ದು, ನಡುವೆ ಎಲ್ಲೂ ಕಟ್ ಇಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಕಂತು ನೋಡಿ ಮಲಗೋಣ ಅಂತ ಕೂತೆ. ಎದ್ದಾಗ ಮೂರು ಗಂಟೆ ಆಗುತ್ತಾ ಬಂದಿತ್ತು.

ಬಿಟ್ಟಿದ್ದು ಎರಡು. ಒಂದು 'ಭ್ರಮಯುಗಂ', 15ನೇ ನಿಮಿಷ. ಮಮ್ಮೂಟಿ, ಕಪ್ಪು-ಬಿಳುಪು, ಪಾಳುಬಿದ್ದ ಮನೆ ಅಂತೆಲ್ಲಾ ಕೇಳಿ ಆಸೆಯಿಂದ ಹಾಕಿದ್ದೆ. ಯಾಕೋ ಧಾರಾವಾಹಿಯ ಸೆಟ್ಟಿನಲ್ಲಿ ನಿಂತು ನೋಡಿದ ಹಾಗೆ ಕಂಡಿತು. ಹೆದರಿಕೆ ಬರಲೇ ಇಲ್ಲ.

ಇನ್ನೊಂದು 'ಪರ್ಫೆಕ್ಟ್ ಡೇಸ್'. ವಿಮ್ ವೆಂಡರ್ಸ್ ನಿರ್ದೇಶನದ 2023ರ ಸಿನಿಮಾ. 26ನೇ ನಿಮಿಷ. ಟೋಕಿಯೋದಲ್ಲಿ ಒಬ್ಬ ಮನುಷ್ಯ ಬೆಳಿಗ್ಗೆ ಏಳುತ್ತಾನೆ. ಹಾಸಿಗೆ ಮಡಚುತ್ತಾನೆ. ಗಿಡಗಳಿಗೆ ನೀರು ಚಿಮುಕಿಸುತ್ತಾನೆ. ವ್ಯಾನ್ ಹತ್ತಿ ಕ್ಯಾಸೆಟ್ ಹಾಕುತ್ತಾನೆ. ಸಾರ್ವಜನಿಕ ಶೌಚಾಲಯ ತೊಳೆಯುತ್ತಾನೆ. ಮರುದಿನ ಮತ್ತೆ ಏಳುತ್ತಾನೆ. ನಾನೂ ಎದ್ದೆ, ಟೀವಿ ಆರಿಸೋಕೆ.

ಕೊನೇಸಾಲು:
ನೀವು ಮೂರು ಗಂಟೆ ತನಕ ಕೂತು ನೋಡಿದ್ದನ್ನೇ ನಾನು ಎರಡನೇ ಕಂತಿನಲ್ಲಿ ಬಿಟ್ಟೆ. ಪೊಲೀಸರು ಶಾಲೆಗೆ ಹೋಗಿ ಅಲ್ಲೆಲ್ಲಾ ಸುತ್ತುತ್ತಾರಲ್ಲ, ಅಲ್ಲೇ. ಕ್ಯಾಮೆರಾ ಒಬ್ಬರ ಬೆನ್ನು ಹಿಡಿದು ಹೋಗುತ್ತೆ, ಬಾಗಿಲು ದಾಟುತ್ತೆ, ಇನ್ನೊಬ್ಬರ ಬೆನ್ನು ಹಿಡಿಯುತ್ತೆ. ನಾನು ಕಥೆ ನೋಡೋದು ಬಿಟ್ಟು, ಈಗ ಎಲ್ಲಿ ಕಟ್ ಮುಚ್ಚಿಟ್ಟಿದ್ದಾರೆ ಅಂತ ಹುಡುಕುತ್ತಾ ಕೂತೆ. ಒಂದೇ ಶಾಟ್ ಅಂದರೆ ಒಂದೇ ಉಸಿರಿಗೆ ಮಗ್ಗಿ ಹೇಳಿದ ಹಾಗೆ. ಹೇಳಿದವನಿಗೆ ಚಪ್ಪಾಳೆ, ಮಗ್ಗಿ ಅದೇ ಮಗ್ಗಿ.

ಕತ್ತರಿ:
ಎಡಿಟಿಂಗ್ ಟೇಬಲ್ ಮುಂದೆ ಕೂರೋದೇ ನನ್ನ ಹೊಟ್ಟೆಪಾಡು. ನನಗೆ ಕೆಲಸವೇ ಇಲ್ಲದ ಸೀರೀಸನ್ನು ಹೊಗಳಬೇಕಾದ ಗತಿ ನೋಡಿ.

ಕೊನೇಸಾಲು ಅವರೇ, ಕಟ್ ಮುಚ್ಚಿಟ್ಟಿಲ್ಲ. ನಿಜವಾಗಿಯೂ ಇಲ್ಲ. ಇಡೀ ಕಂತನ್ನು ಮತ್ತೆ ಮತ್ತೆ ಮೊದಲಿಂದ ಆಡಿ, ಚೆನ್ನಾಗಿ ಬಂದ ಟೇಕ್ ಇಟ್ಟುಕೊಂಡಿದ್ದಾರೆ. ಒಂದನೇ ಕಂತಿಗೆ ಎರಡನೇ ಟೇಕ್ ಸಾಕಾಯಿತು. ಕೊನೇ ಕಂತಿಗೆ 16ನೇ ಟೇಕ್ ಬೇಕಾಯಿತು. ನೀವು ಬಿಟ್ಟ ಎರಡನೇ ಕಂತಿನ ಕೊನೆಯಲ್ಲಿ ಅದೇ ಕ್ಯಾಮೆರಾವನ್ನು ಡ್ರೋನಿಗೆ ಸಿಕ್ಕಿಸಿ ಹಾರಿಸುತ್ತಾರೆ. ಊರ ಮೇಲೆ ಹಾರಿ ಕೊಲೆಯಾದ ಜಾಗಕ್ಕೆ ಇಳಿಯುತ್ತೆ. ಅಲ್ಲಿ ಹುಡುಗನ ಅಪ್ಪ ಹೂವು ಇಡುತ್ತಿರುತ್ತಾನೆ. ಸರ್ಕಸ್ ಅನ್ನಿ, ಒಪ್ಪುತ್ತೇನೆ. ಆದರೆ ಮೂರನೇ ಕಂತು ಸರ್ಕಸ್ ಅಲ್ಲ.

ಎರಡನೇಸಲ:
ಮೂರನೇ ಕಂತಿನ ಮಾತು ಬಂತಲ್ಲ, ಇನ್ನು ಸುಮ್ನಿರೋಕಾಗಲ್ಲ. ನೋಡದವರು ಇದನ್ನು ಹಾರಿಸಿ ಮುಂದಿನದಕ್ಕೆ ಹೋಗಿ, ಗುಟ್ಟು ಒಡೆಯುತ್ತಿದ್ದೇನೆ.

ಒಂದು ಕೋಣೆ. ಒಂದು ಮೇಜು. ಹುಡುಗ, ಅವನ ಜೊತೆ ಮಾತಾಡಲು ಬಂದ ಮನಶ್ಶಾಸ್ತ್ರಜ್ಞೆ. ಕಂತಿನ ಬಹುಪಾಲು ಇಷ್ಟೇ. ಅವಳು ತನ್ನ ಸ್ಯಾಂಡ್‌ವಿಚ್‌ನ ಅರ್ಧ ಅವನಿಗೆ ಕೊಡುತ್ತಾಳೆ. ಅದರೊಳಗಿನ ಉಪ್ಪಿನಕಾಯಿ ಅವನಿಗೆ ಸೇರಲ್ಲ. ಆದರೂ ಒಂದು ತುತ್ತು ಕಚ್ಚುತ್ತಾನೆ. ಅಲ್ಲಿಂದ ನಗು, ತುಂಟತನ, ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಂತು ಕಿರುಚಾಟ. ಮತ್ತೆ ಕೂತಾಗ ಅದೇ ಪುಟ್ಟ ಹುಡುಗ. ಅವಳ ಮುಖ ಕೆಲಸದ ಮುಖ, ಅಲುಗಾಡಲ್ಲ. ಕೊನೆಗೆ ಅವನನ್ನು ಎಳೆದುಕೊಂಡು ಹೋದ ಮೇಲೆ ಅವಳೊಬ್ಬಳೇ ಉಳಿಯುತ್ತಾಳೆ. ಮೇಜಿನ ಮೇಲೆ ಆ ಕಚ್ಚಿದ ಸ್ಯಾಂಡ್‌ವಿಚ್. ಅದರ ಹತ್ತಿರ ಕೈ ಒಯ್ದವಳು ಹಿಂದೆ ಸರಿಯುತ್ತಾಳೆ. ಹಲ್ಲಿನ ಗುರುತು ಒಂದು ಮಗುವಿನದು. ಅದನ್ನು ಮುಟ್ಟೋಕೆ ಅವಳಿಗೆ ಆಗ್ತಿಲ್ಲ.

ಇಲ್ಲಿ ಒಂದು ಕಟ್ ಇದ್ದಿದ್ದರೆ ನಾನು ಉಸಿರು ಬಿಡುತ್ತಿದ್ದೆ. ಕಟ್ ಇಲ್ಲದ್ದಕ್ಕೆ ಅವಳ ಜೊತೆ ನಾನೂ ಆ ಕೋಣೆಯಲ್ಲೇ ಸಿಕ್ಕಿಬಿದ್ದೆ. ಆ ಹುಡುಗ ಓವನ್ ಕೂಪರ್‌ಗೆ ಅದಕ್ಕೆ ಮುಂಚೆ ಕ್ಯಾಮೆರಾ ಎದುರು ನಟಿಸಿ ಗೊತ್ತಿರಲಿಲ್ಲ. ಮೊದಲು ಶೂಟ್ ಆದದ್ದೂ ಈ ಕಂತೇ. ಹದಿನೈದನೇ ವಯಸ್ಸಿಗೆ ನಟನೆಗೆ ಎಮ್ಮಿ ಬಂತು, ಅಮೆರಿಕದ ದೊಡ್ಡ ಟೀವಿ ಪ್ರಶಸ್ತಿ. ಆ ಪ್ರಶಸ್ತಿ ಗೆದ್ದ ಗಂಡಸರಲ್ಲೇ ಕಿರಿಯವನು.

ಕೊನೇಸಾಲು:
ಸರಿ, ಸ್ಯಾಂಡ್‌ವಿಚ್ ವಿಷಯ ಓದಿ ಸ್ವಲ್ಪ ಅಲುಗಿದೆ. ಆದರೆ ಕೋಣೆಯೊಳಗೆ ಸಿಕ್ಕಿಸೋದಕ್ಕೆ ಕಟ್ ಬಿಡಲೇಬೇಕು ಅಂತೇನಿಲ್ಲ. '12 ಆ್ಯಂಗ್ರಿ ಮೆನ್' ನೋಡಿ, 1957ರದು, 96 ನಿಮಿಷ. ಹನ್ನೆರಡು ಜನ ಜ್ಯೂರಿ, ಒಂದು ಕೋಣೆ, ಬೇಕಾದಷ್ಟು ಕಟ್. ಆದರೂ ಕೊನೆಕೊನೆಗೆ ನನಗೇ ಸೆಖೆಯಾಗಿ ಕಾಲರ್ ಸಡಿಲ ಮಾಡಿಕೊಂಡೆ.

ಕತ್ತರಿ:
ಆ ಸೆಖೆ ಲೆನ್ಸಿನ ಕೆಲಸ! ನಿರ್ದೇಶಕ ಸಿಡ್ನಿ ಲೂಮೆಟ್ ಮೊದಲೇ ಲೆಕ್ಕ ಹಾಕಿಕೊಂಡಿದ್ದ. ಶುರುವಿನಲ್ಲಿ ಅಗಲ ಲೆನ್ಸ್, ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ. ಹಾಗಾಗಿ ಕೋಣೆ ದೊಡ್ಡದಾಗಿ ಕಾಣುತ್ತೆ. ಹೋಗುತ್ತಾ ಹೋಗುತ್ತಾ ಉದ್ದ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಕಣ್ಣಿಗಿಂತ ಕೆಳಗೆ ಇಳಿಸಿದ. ಆಗ ಹಿಂದಿನ ಗೋಡೆ ಮುಖದ ಪಕ್ಕಕ್ಕೇ ಬರುತ್ತೆ, ಚಾವಣಿಯೂ ಕಾಣೋಕೆ ಶುರುವಾಗುತ್ತೆ. ಕೋಣೆ ಅಷ್ಟೇ ಇದೆ. ನಮಗೆ ಮಾತ್ರ ಗೋಡೆ ಒತ್ತಿಕೊಂಡು ಬಂದ ಹಾಗೆ. ಇನ್ನೊಂದು ಸಲ ನೋಡುವಾಗ ಮಾತು ಕೇಳಬೇಡಿ, ಬರೀ ಚಾವಣಿ ಗಮನಿಸಿ.

ಸುಮ್ನೆ ಒಬ್ಳು:
ಹನ್ನೆರಡು ಗಂಡಸರು ಒಂದು ಕೋಣೆ ಅಂದಮೇಲೆ ಮಲಯಾಳಂನ 'ಆಟ್ಟಂ' ಹೆಸರು ಯಾರೂ ಎತ್ತಲಿಲ್ಲವಲ್ಲ! ಒಂದು ನಾಟಕ ತಂಡ. ಹನ್ನೆರಡು ಗಂಡಸರು, ಒಬ್ಬಳೇ ಹೆಂಗಸು. ಒಂದು ರಾತ್ರಿ ತಂಡದವನೇ ಯಾರೋ ಅವಳ ಮೇಲೆ ಕೈ ಹಾಕುತ್ತಾನೆ. ಅವನನ್ನು ತಂಡದಿಂದ ತೆಗೆಯಬೇಕಾ ಅಂತ ಉಳಿದವರ ಸಭೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಅವಳ ಪರವೇ. ಅಷ್ಟರಲ್ಲಿ ತಂಡಕ್ಕೆ ವಿದೇಶದಲ್ಲಿ ಪ್ರದರ್ಶನದ ಅವಕಾಶ ಬರುತ್ತೆ. ಆಮೇಲೆ ನೋಡಿ, ಒಬ್ಬೊಬ್ಬರ ಆತ್ಮಸಾಕ್ಷಿ ಹೇಗೆ ನೈಸಾಗಿ ಮಗ್ಗಲು ಬದಲಿಸುತ್ತೆ ಅಂತ.

ಇದರಲ್ಲಿ 'ಅವನು ಯಾರು' ಅನ್ನೋದು ಮುಖ್ಯವೇ ಅಲ್ಲ. ಅದು ಅರ್ಥವಾಗೋಕೆ ನನಗೆ ಕೊನೇ ಐದು ನಿಮಿಷ ಬೇಕಾಯಿತು. ಅಲ್ಲಿತನಕ ನಾನೂ ಪತ್ತೇದಾರಿ ಸಿನಿಮಾ ನೋಡಿದ ಹಾಗೆ ಒಬ್ಬೊಬ್ಬರ ಮೇಲೂ ಅನುಮಾನಪಡುತ್ತಿದ್ದೆ. ನಾನೂ ಆ ಸಭೆಯಲ್ಲೇ ಕೂತಿದ್ದೆ ಅಂದುಕೊಳ್ಳಿ. ನಾಚಿಕೆ ಆಯಿತು. 70ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಇದೇ.

ರಾತ್ರಿಪಾಳಿ:
ನಾನು ನರ್ಸ್. ಆಸ್ಪತ್ರೆ ಸೀರೀಸ್ ಅಂದರೆ ಹತ್ತು ನಿಮಿಷಕ್ಕೇ ಬಿಡುವವಳು. ಕೆಲಸ ಮುಗಿಸಿ ಬಂದು ಮತ್ತೆ ಕೆಲಸ ಯಾಕೆ ನೋಡಲಿ? ಆದರೂ 'ದ ಪಿಟ್' ಮೊದಲ ಸೀಸನ್‌ನ 15 ಕಂತನ್ನೂ ಮುಗಿಸಿದೆ. ತುರ್ತು ವಿಭಾಗದ ಒಂದೇ ಒಂದು ಶಿಫ್ಟ್. ಬೆಳಿಗ್ಗೆ ಏಳಕ್ಕೆ ಶುರು, ಒಂದು ಕಂತಿಗೆ ಒಂದು ಗಂಟೆ. ಹಿನ್ನೆಲೆ ಸಂಗೀತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನನ್ನನ್ನು ಹಿಡಿದು ಕೂರಿಸಿದ್ದೇ ಅದು. ರೋಗಿ ಸಾಯುವಾಗ ನಿಜವಾದ ವಾರ್ಡಿನಲ್ಲಿ ಯಾರೂ ಪಿಟೀಲು ಬಾರಿಸಲ್ಲ. ಮಾನಿಟರ್ ಬೀಪ್ ಅನ್ನುತ್ತೆ. ಟ್ರಾಲಿಯ ಒಂದು ಚಕ್ರ ಕಿರ್ ಅನ್ನುತ್ತೆ. ಪಕ್ಕದ ಬೆಡ್ಡಿನವರು ನೀರು ಕೇಳುತ್ತಾರೆ.

ಡಾಕ್ಟರ್ ರಾಬಿ ಬಾತ್‌ರೂಮಿಗೆ ಹೊರಡುತ್ತಾನೆ, ಯಾರೋ ಕರೆಯುತ್ತಾರೆ. ಮತ್ತೆ ಹೊರಡುತ್ತಾನೆ, ಮತ್ತೆ ಕರೆಯುತ್ತಾರೆ. ಬೇರೆಯವರಿಗೆ ಅದು ತಮಾಷೆ. ನಾನು ಟೀವಿಗೆ 'ಹೋಗಿ ಬಾರಪ್ಪಾ ಮಾರಾಯ' ಅಂತ ಹೇಳಿಬಿಟ್ಟೆ.

ತಪ್ಪೂ ಇದೆ. ಒಂದೇ ಶಿಫ್ಟಿನಲ್ಲಿ ಇಷ್ಟೊಂದು ಅಪರೂಪದ ಕೇಸು ಬರಲ್ಲ. ವರ್ಷದ ಕೇಸುಗಳನ್ನೆಲ್ಲಾ ಒಂದು ದಿನಕ್ಕೆ ತುರುಕಿದ್ದಾರೆ. ಹೋಗಲಿ, ಕಥೆ ಅಲ್ವಾ. ಆದರೆ ಎದೆ ಒತ್ತಿದ ತಕ್ಷಣ ರೋಗಿ ಕಣ್ಣು ಬಿಡುವ ಸೀರೀಸ್‌ಗಳಿಗಿಂತ ಇದು ಎಷ್ಟೋ ಮೇಲು. 1996ರಲ್ಲಿ ಅಮೆರಿಕದ ವೈದ್ಯರು ಆಗಿನ ಟೀವಿ ಕಾರ್ಯಕ್ರಮಗಳನ್ನು ಕೂತು ನೋಡಿ ಲೆಕ್ಕ ಹಾಕಿದ್ದರು. ಎದೆ ಒತ್ತಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಆ ಕ್ಷಣಕ್ಕೆ ಬದುಕಿಬಿಡುತ್ತಿದ್ದರಂತೆ. ನಿಜದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ವಾಪಸು ಮನೆಗೆ ಹೋಗುವವರು ಸುಮಾರು ಹತ್ತರಲ್ಲಿ ಒಬ್ಬರು. ಟೀವಿ ನೋಡಿ ಬಂದ ಮನೆಯವರಿಗೆ ಅದನ್ನು ಹೇಳೋದು ನಮ್ಮ ಪಾಲಿಗೆ ಬರುತ್ತೆ.

ಬೈಂಡರ್ ಕ್ಲಿಪ್:
ಸೀರೀಸ್ ವಿಷಯ ಬಂತು ಅಂತ ಒಂದು ಹೊಟ್ಟೆಯುರಿ. 'ಸೆವರೆನ್ಸ್' ಮೊದಲ ಸೀಸನ್ 2022ರಲ್ಲಿ ಬಂತು, ಎರಡನೆಯದು 2025ರ ಜನವರಿಗೆ. ನಡುವೆ ನಾನು ಎರಡು ಕೆಲಸ ಬದಲಿಸಿದೆ. ಯಾರು ಯಾರು ಅಂತಲೇ ಮರೆತುಹೋಗಿತ್ತು. ಆಫೀಸಿನೊಳಗಿನ ನೆನಪು ಹೊರಗೆ ಬರದ ಜನರ ಕಥೆ ಅದು, ನನಗೂ ಹಾಗೇ ಆಯಿತು. 'ಸ್ಟ್ರೇಂಜರ್ ಥಿಂಗ್ಸ್' 2016ರಲ್ಲಿ ಶುರುವಾಗಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಐದು ಸೀಸನ್‌ಗೆ ಒಂಬತ್ತು ವರ್ಷ. ಸೈಕಲ್ ಹೊಡೆಯುತ್ತಿದ್ದ ಮಕ್ಕಳಿಗೆ ಗಡ್ಡ ಬಂತು, ಕಥೆಯಲ್ಲಿ ಇನ್ನೂ ಶಾಲೆಗೇ ಹೋಗುತ್ತಿದ್ದಾರೆ.

ಕತ್ತರಿ:
2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದ್ದರು. ಎರಡಕ್ಕೂ ಅದರ ಪೆಟ್ಟು ಬಿದ್ದಿದೆ. ಪೂರ್ತಿ ತಪ್ಪು ಅವರದ್ದಲ್ಲ.

ಬೈಂಡರ್ ಕ್ಲಿಪ್:
ಮುಷ್ಕರಕ್ಕೆ ನನ್ನ ಬೆಂಬಲ ಇದೆ. ನನ್ನ ಮರೆವಿಗೆ ಯಾರ ಬೆಂಬಲ?

ಎರಡನೇಸಲ:
ತಾಳ್ಮೆ ಬೇಕು ರೀ. 'ಬೆಟರ್ ಕಾಲ್ ಸಾಲ್' ನೋಡಿ. 63 ಕಂತು, ಆರು ಸೀಸನ್. 53 ಎಮ್ಮಿ ನಾಮನಿರ್ದೇಶನ, ಒಂದೂ ಗೆಲ್ಲಲಿಲ್ಲ. ನಿಧಾನ ಅಂತ ಜನ ಬಿಟ್ಟರು. ಮೂರನೇ ಸೀಸನ್ ದಾಟಿದರೆ ಮತ್ತೆ ಬಿಡೋಕಾಗಲ್ಲ.

ಕೊನೇಸಾಲು:
'ಮೂರು ಸೀಸನ್ ಆದಮೇಲೆ ಚೆನ್ನಾಗಿರುತ್ತೆ' ಅನ್ನೋದು ಶಿಫಾರಸಲ್ಲ, ಶಿಕ್ಷೆ.

ಕಿವಿ ಮೊದಲು:
ಇಲ್ಲಿ ಎಲ್ಲರೂ ಬೋರಾಗಿ ಬಿಟ್ಟಿದ್ದನ್ನೇ ಹೇಳುತ್ತಿದ್ದೀರಿ. ನಾನು ತಡೆಯೋಕಾಗದೆ ಬಿಟ್ಟದ್ದು ಒಂದಿದೆ. 'ದ ಝೋನ್ ಆಫ್ ಇಂಟರೆಸ್ಟ್', 38ನೇ ನಿಮಿಷ.

ನಾಜಿಗಳು ಯಹೂದಿಗಳನ್ನು ಕೊಂದ ಆಶ್‌ವಿಟ್ಸ್ ಶಿಬಿರದ ಗೋಡೆಗೆ ಅಂಟಿಕೊಂಡಿರುವ ಮನೆ. ಶಿಬಿರದ ಕಮಾಂಡೆಂಟ್, ಹೆಂಡತಿ, ಮಕ್ಕಳು. ಅವಳು ತೋಟ ಬೆಳೆಸುತ್ತಾಳೆ, ಮಕ್ಕಳು ನೀರಿನಲ್ಲಿ ಆಡುತ್ತಾರೆ. ಗೋಡೆಯಾಚೆ ನಡೆಯೋದನ್ನು ಕ್ಯಾಮೆರಾ ತೋರಿಸಲ್ಲ. ಆದರೆ ಕೇಳಿಸುತ್ತೆ. ದೂರದ ಗುಂಡಿನ ಸದ್ದು. ಕೂಗು. ಎಲ್ಲದರ ಅಡಿಗೆ ನಿಲ್ಲದ ಒಂದು ಗುಂಯ್ ಅನ್ನುವ ಮೊರೆತ. ಬೇರೆ ಸಿನಿಮಾದಲ್ಲಿ ಘೋರ ಬಂದರೆ ಕಣ್ಣು ಮುಚ್ಚಬಹುದು. ಇಲ್ಲಿ ಕಣ್ಣು ಮುಚ್ಚಿದರೆ ಇನ್ನೂ ಜಾಸ್ತಿ ಕೇಳಿಸುತ್ತೆ. ಹೆಡ್‌ಫೋನ್ ಹಾಕಿಕೊಂಡಿದ್ದೆ, ಅದೇ ನನ್ನ ತಪ್ಪು.

ನನಗೆ ಹೆದರಿಕೆ ಆದದ್ದು ಆ ಸದ್ದಿಗಲ್ಲ. ಅರ್ಧ ಗಂಟೆ ಆದಮೇಲೆ ನನಗೂ ಅದು ಕೇಳಿಸೋದು ನಿಂತಿತ್ತು! ಹೂವು ನೋಡುತ್ತಿದ್ದೆ. ಅದು ಗೊತ್ತಾದ ತಕ್ಷಣ ಎದ್ದುಬಿಟ್ಟೆ. ಒಂದು ವಾರ ಬಿಟ್ಟು ಉಳಿದದ್ದು ನೋಡಿದೆ. 2024ರ ಆಸ್ಕರ್‌ನಲ್ಲಿ ಸೌಂಡ್ ಪ್ರಶಸ್ತಿ 'ಓಪನ್‌ಹೈಮರ್'ನ ಸ್ಫೋಟಕ್ಕೆ ಸಿಗಲಿಲ್ಲ, ಈ ಗೋಡೆಯಾಚೆಯ ಸದ್ದಿಗೆ ಸಿಕ್ಕಿತು.

ರಾತ್ರಿಪಾಳಿ:
ಕೇಳಿಸೋದು ನಿಲ್ಲೋದು ನನಗೆ ಚೆನ್ನಾಗಿ ಗೊತ್ತು. ಹೆಚ್ಚು ಹೇಳಲ್ಲ.

ರಿಮೋಟ್ ಎಲ್ಲಿ:
ಸೌಂಡ್ ಬಲ್ಲವರು ಸಿಕ್ಕಿದ್ದೀರಿ, ಕೇಳಿಬಿಡುತ್ತೇನೆ. ಯಾವ ಸಿನಿಮಾ ಹಾಕಿದರೂ ಮಾತು ಕೇಳಿಸಲ್ಲ, ಫೈಟ್ ಬಂದರೆ ಪಕ್ಕದ ಮನೆಯವರು ಏಳುತ್ತಾರೆ. ರಿಮೋಟಿನ ವಾಲ್ಯೂಮ್ ಬಟನ್ ಸವೆದೇ ಹೋಗಿದೆ. ಅಮ್ಮ ಎರಡು ನಿಮಿಷಕ್ಕೊಂದು ಸಲ 'ಏನಂದ?' ಅಂತಾರೆ. ನಾನು ಹೇಳೋ ಹೊತ್ತಿಗೆ ಮುಂದಿನ ಮಾತು ಹೋಗಿರುತ್ತೆ. ಸಬ್‌ಟೈಟಲ್ ಹಾಕಿಕೊಂಡು ನಮ್ಮ ಭಾಷೆಯ ಸಿನಿಮಾನೇ ನೋಡುವ ಸ್ಥಿತಿ ಬಂದಿದೆ.

ಕಿವಿ ಮೊದಲು:
ಅಮ್ಮನ ಕಿವಿ ಚೆನ್ನಾಗೇ ಇದೆ. ಚಿತ್ರಮಂದಿರಕ್ಕೆ ಅಂತ ಸದ್ದುಗಳನ್ನು ಜೋಡಿಸಿದ ಮಿಕ್ಸ್‌ನಲ್ಲಿ ಮಾತು ಬರೋದು ಹೆಚ್ಚಾಗಿ ನಡುವಿನ ಸ್ಪೀಕರ್‌ನಿಂದ. ಸಂಗೀತ, ಸದ್ದುಗದ್ದಲ ಸುತ್ತಲಿನ ಸ್ಪೀಕರ್‌ಗಳಿಂದ. ಟೀವಿಯಲ್ಲಿ ಇರೋದು ಎರಡೇ ಪುಟ್ಟ ಸ್ಪೀಕರ್, ಅದೂ ಎಷ್ಟೋ ಸಲ ಹಿಂದಕ್ಕೆ ಇಲ್ಲವೇ ಕೆಳಕ್ಕೆ ಮುಖ ಮಾಡಿರುತ್ತವೆ. ಎಲ್ಲವನ್ನೂ ಅದರೊಳಗೆ ತುರುಕಿದಾಗ ಮಾತು ಮುಳುಗುತ್ತೆ. ಟೀವಿಯ ಸೌಂಡ್ ಸೆಟ್ಟಿಂಗ್ಸಿನಲ್ಲಿ ನೈಟ್ ಮೋಡ್ ಅಥವಾ ಕ್ಲಿಯರ್ ವಾಯ್ಸ್ ಅನ್ನೋ ಥರದ್ದು ಏನೋ ಇರುತ್ತೆ, ಆನ್ ಮಾಡಿ. ಆಡಿಯೋ ಪಟ್ಟಿಯಲ್ಲಿ 5.1 (ಸುತ್ತಲೂ ಸ್ಪೀಕರ್ ಇರುವವರಿಗೆ ಮಾಡಿದ್ದು) ಬದಲು ಸ್ಟೀರಿಯೋ (ಎರಡು ಸ್ಪೀಕರಿನದು) ಇದ್ದರೆ ಅದನ್ನೇ ಆರಿಸಿ. ಪೂರ್ತಿ ಸರಿಹೋಗಲ್ಲ, ಆದರೆ ಅಮ್ಮನ 'ಏನಂದ' ಕಮ್ಮಿಯಾಗುತ್ತೆ.

ಕತ್ತರಿ:
ಸೆಟ್ಟಿಂಗ್ಸ್ ಒಳಗೆ ಹೋಗುವವರಿಗೆ ಇನ್ನೊಂದು ಕೆಲಸ. ಮಧ್ಯಂತರ ಅವರೇ, ಇದು ನಿಮಗೆ. 'ಧಾರಾವಾಹಿ ಸೆಟ್ಟಿನಲ್ಲಿ ನಿಂತ ಹಾಗೆ' ಅಂದಿರಲ್ಲ, ಆಗಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಹೊಸ ಟೀವಿನಾ?

ಮಧ್ಯಂತರ:
ಹೌದು, ಎರಡು ತಿಂಗಳಾಯಿತು. ಯಾಕೆ?

ಕತ್ತರಿ:
ಹಾಗಾದರೆ ನೀವು ನೋಡಿದ್ದು ಆ ಸಿನಿಮಾನೇ ಅಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಹೊಸ ಟೀವಿಗಳು ಅದನ್ನು ನುಣ್ಣಗೆ ಮಾಡೋಕೆ ಹೋಗಿ, ಎರಡು ಚಿತ್ರಗಳ ನಡುವೆ ತಾವೇ ಊಹಿಸಿ ಹೊಸ ಚಿತ್ರ ಸೇರಿಸುತ್ತವೆ. ಕ್ರಿಕೆಟ್ಟಿಗೆ ಚೆನ್ನಾಗಿರುತ್ತೆ. ಸಿನಿಮಾ ಮಾತ್ರ ಸೆಟ್ಟು, ಮೇಕಪ್ಪು ಎಲ್ಲಾ ಎದ್ದು ಕಂಡು ಧಾರಾವಾಹಿ ಆಗಿಬಿಡುತ್ತೆ. ಇದಕ್ಕೆ ಸೋಪ್ ಒಪೆರಾ ಎಫೆಕ್ಟ್ ಅಂತಲೇ ಹೆಸರು. 2018ರಲ್ಲಿ ಟಾಮ್ ಕ್ರೂಸ್ ಒಂದು ವಿಡಿಯೋ ಮಾಡಿ, ದಯವಿಟ್ಟು ಅದನ್ನು ಆರಿಸಿ ಅಂತ ಕೇಳಿಕೊಂಡಿದ್ದ. ಬಹಳ ಟೀವಿ ಕಂಪನಿಗಳು ಇದನ್ನು ಆನ್ ಮಾಡಿಯೇ ಕಳಿಸುತ್ತವೆ. ಪಿಕ್ಚರ್ ಸೆಟ್ಟಿಂಗ್ಸಿಗೆ ಹೋಗಿ, ಮೋಷನ್ ಅಂತ ಇರೋದನ್ನೆಲ್ಲಾ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಒತ್ತಿದರೆ ಸಾಕು.

ಮಧ್ಯಂತರ:
ಇವತ್ತೇ ನೋಡುತ್ತೇನೆ.

ಪುಟ್ಟಿ ಅಪ್ಪ:
ಮಗಳಿಗೆ ಐದು ವರ್ಷ. ಅವಳ ಜೊತೆ 'ಫ್ಲೋ' ನೋಡಿದೆ. ಲಾಟ್ವಿಯಾದ ಆ್ಯನಿಮೇಷನ್, 2024ರದು. ಪ್ರವಾಹ ಬರುತ್ತೆ, ಒಂದು ಬೆಕ್ಕು ದೋಣಿ ಹತ್ತುತ್ತೆ, ಆ ದೋಣಿಗೆ ಬೇರೆ ಪ್ರಾಣಿಗಳೂ ಸೇರುತ್ತವೆ. ಇಡೀ ಸಿನಿಮಾದಲ್ಲಿ ಒಂದು ಮಾತಿಲ್ಲ. ಪ್ರಾಣಿಗಳು ಪ್ರಾಣಿಗಳ ಹಾಗೇ ಇವೆ, ಜೋಕು ಹೊಡೆಯಲ್ಲ, ಹಾಡು ಹೇಳಲ್ಲ. ಬ್ಲೆಂಡರ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಮಾಡಿ ಆಸ್ಕರ್ ಹೊಡೆದ ಸಿನಿಮಾ. ಬೆಕ್ಕಿನ ದನಿ ನಿಜವಾದ ಬೆಕ್ಕಿನದೇ. ಕ್ಯಾಪಿಬಾರಾ (ದೊಡ್ಡ ಇಲಿಯಂಥ ಪ್ರಾಣಿ) ದನಿ ಮಾತ್ರ ಸಿನಿಮಾಕ್ಕೆ ಒಗ್ಗಲಿಲ್ಲ ಅಂತ ಒಂದು ಒಂಟೆ ಮರಿಯ ದನಿ ಹಾಕಿದ್ದಾರೆ.

ಮಗಳು ಕೇಳಿದ್ದು ಒಂದೇ ಪ್ರಶ್ನೆ. 'ಬೆಕ್ಕಿನ ಹೆಸರೇನು?' ಹೆಸರಿಲ್ಲ ಅಂದೆ. 'ಅದಕ್ಕೆ ಗೊತ್ತಿರುತ್ತೆ, ನಮಗೆ ಹೇಳಲ್ಲ' ಅಂದಳು. 85 ನಿಮಿಷ ಕೂತಲ್ಲಿಂದ ಏಳಲಿಲ್ಲ. ನಾನು ನಡುವೆ ಎರಡು ಸಲ ಫೋನ್ ನೋಡಿದೆ, ಬೈಸಿಕೊಂಡೆ.

ಸುಮ್ನೆ ಒಬ್ಳು:
ಕನ್ನಡದ್ದೂ ಒಂದೆರಡು ಬರಲಿ. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ ಮೂರು ಸಲ ನೋಡಿದ್ದೇನೆ. ಸೈಡ್ ಬಿ ಪೂರ್ತಿ ನೋಡೋಕೆ ಮೂರು ಸಲ ಪ್ರಯತ್ನಪಟ್ಟಿದ್ದೇನೆ. ಮೊದಲನೆಯದರಲ್ಲಿ ಮನು, ಪ್ರಿಯಾ ಇಬ್ಬರೂ ಇದ್ದರು. ಎರಡನೆಯದರಲ್ಲಿ ಮನುವಿನ ಸಂಕಟ ಮಾತ್ರ ಇದೆ, ಪ್ರಿಯಾ ಕಿಟಕಿಯಲ್ಲಿ ಕಾಣುವ ದೃಶ್ಯ ಆಗಿಬಿಟ್ಟಿದ್ದಾಳೆ. ಹತ್ತು ವರ್ಷ ಅವಳಿಗೇನಾಯಿತು ಅನ್ನೋದು ನನಗೆ ಬೇಕಿತ್ತು.

ಎರಡನೇಸಲ:
ಒಪ್ಪಲ್ಲ. ಜೈಲಿನಿಂದ ಬಂದವನಿಗೆ ಅವಳು ದೃಶ್ಯವಾಗಿಯೇ ಉಳಿದಿರೋದು, ಅದೇ ಅವನ ರೋಗ. ಕ್ಯಾಮೆರಾ ಅವನ ಕಣ್ಣಲ್ಲಿ ನೋಡುತ್ತಿದೆ.

ಸುಮ್ನೆ ಒಬ್ಳು:
ಕ್ಯಾಮೆರಾಗೆ ಸ್ವಂತ ಕಣ್ಣೂ ಇರುತ್ತಲ್ಲ ಮಾರಾಯರೇ.

ಬೈಂಡರ್ ಕ್ಲಿಪ್:
ಕನ್ನಡ ಸೀರೀಸ್ ಅಂದರೆ 'ಏಕಂ' ನೋಡಿ. ಏಳು ಕಥೆ, 2024ರಲ್ಲಿ ಬಂತು. ಯಾವ ಓಟಿಟಿಯವರೂ ತೆಗೆದುಕೊಳ್ಳಲಿಲ್ಲ ಅಂತ ತಂಡದವರು ತಮ್ಮದೇ ವೆಬ್‌ಸೈಟ್ ಮಾಡಿ ಬಿಟ್ಟರು. ಏಳೂ ಒಂದೇ ಮಟ್ಟದಲ್ಲಿಲ್ಲ. ನಾನು ಒಂದನ್ನು ಬಿಟ್ಟೆ, ಯಾವುದು ಅಂತ ಹೇಳಲ್ಲ. ಕಷ್ಟಪಟ್ಟು ಮಾಡಿದ್ದಾರೆ ಅನ್ನೋ ಕಾರಣಕ್ಕೆ ಹೊಗಳಿದರೆ ಅದು ಅವಮಾನ. ಒಳ್ಳೆಯ ಕಥೆಗಳು ಒಳ್ಳೆಯವು ಅಂತಲೇ ಹೊಗಳಬೇಕು, ಹಾಗೆ ಹೊಗಳುವಂಥವು ಅದರಲ್ಲಿವೆ.

ಮಧ್ಯಂತರ:
ಮೂರು ದಿನ ಆದಮೇಲೆ ಬಂದೆ. ಕತ್ತರಿ ಅವರಿಗೆ ದೊಡ್ಡ ನಮಸ್ಕಾರ. ಮೋಷನ್ ಅನ್ನೋದನ್ನೆಲ್ಲಾ ಆಫ್ ಮಾಡಿದೆ. 'ಭ್ರಮಯುಗಂ' ಮೊದಲಿಂದ ಹಾಕಿದೆ. ಅದೇ ಮನೆ, ಅದೇ ಮಮ್ಮೂಟಿ. ಈ ಸಲ ಆ ಮುದುಕ ಬಾಗಿಲ ನೆರಳಿನಿಂದ ಈಚೆ ಬಂದು ನಕ್ಕಾಗ ನಾನು ದಿಂಬು ತಬ್ಬಿಕೊಂಡೆ. ಎರಡು ತಿಂಗಳಿಂದ ಈ ಟೀವಿಯಲ್ಲಿ ನೋಡಿ ಬೈದ ಸಿನಿಮಾಗಳನ್ನೆಲ್ಲಾ ಈಗ ಮತ್ತೆ ವಿಚಾರಣೆಗೆ ಕರೆಯಬೇಕಾಗಿದೆ.

ಅದೇ ಹುಮ್ಮಸ್ಸಿನಲ್ಲಿ 'ಪರ್ಫೆಕ್ಟ್ ಡೇಸ್' ಕೂಡ ಮೊದಲಿಂದ ಹಾಕಿದೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟೆ, ಪುಟ್ಟಿ ಅಪ್ಪನ ಪಾಡು ಓದಿದ್ದೆನಲ್ಲ.

ಮತ್ತೆ ಎದ್ದ, ಹಾಸಿಗೆ ಮಡಚಿದ, ಗಿಡಕ್ಕೆ ನೀರು ಹಾಕಿದ. ಇದು ಟೀವಿಯ ತಪ್ಪಲ್ಲ, ಸಿನಿಮಾನೇ ಹೀಗೆ. ಆದರೆ ಹಿಂದಿನ ಸಲ ನಾನು ಒಂದು ಚೀಟಿ ತಪ್ಪಿಸಿಕೊಂಡಿದ್ದೆ. ಶೌಚಾಲಯದ ಸಂದಿಯೊಂದರಲ್ಲಿ ಮಡಚಿದ ಕಾಗದ ಅವನಿಗೆ ಸಿಗುತ್ತೆ. ಅದರಲ್ಲಿ ಒಂಬತ್ತು ಮನೆ, ಒಂದರಲ್ಲಿ ಗುರುತು. ನಾವು ಪಾಠದ ಹೊತ್ತಿನಲ್ಲಿ ಕೊನೇ ಬೆಂಚಲ್ಲಿ ಆಡುತ್ತಿದ್ದೆವಲ್ಲ, ಸೊನ್ನೆ-ಗುಣಾಕಾರದ ಆಟ, ಅದು. ಇವನೂ ಒಂದು ಗುರುತು ಹಾಕಿ ಅಲ್ಲೇ ಸಿಕ್ಕಿಸಿ ಹೋಗುತ್ತಾನೆ. ಮರುದಿನ ಬಂದರೆ ಆ ಕಡೆಯವರು ಆಡಿರುತ್ತಾರೆ. ಆಮೇಲೆ ಬೆಳಿಗ್ಗೆ ಅವನು ಎದ್ದಾಗಲೆಲ್ಲಾ ನನಗೆ ಬೋರಾಗಲಿಲ್ಲ. ಇವತ್ತು ಚೀಟಿಯಲ್ಲಿ ಏನಿರುತ್ತೆ ಅಂತ ಕಾಯುತ್ತಿದ್ದೆ. ಆ ಇನ್ನೊಬ್ಬರು ಯಾರು ಅಂತ ಸಿನಿಮಾ ಹೇಳೋದೇ ಇಲ್ಲ.

ದೂರು ಇನ್ನೂ ಇದೆ. ಆ ಶೌಚಾಲಯಗಳು ತೊಳೆಯುವ ಮುಂಚೆಯೇ ಫಳಫಳ ಹೊಳೆಯುತ್ತಿರುತ್ತವೆ. ಒಂದು ದಿನವಾದರೂ ಅವನು ಮೂಗು ಮುಚ್ಚಿಕೊಳ್ಳಬೇಡವೇ? ಆ ಕೆಲಸವನ್ನು ಅಷ್ಟು ಚಂದ ತೋರಿಸೋದು ನನಗೆ ಸರಿ ಕಾಣಲಿಲ್ಲ.

ರಾತ್ರಿಪಾಳಿ:
ಆ ದೂರಿಗೆ ನನ್ನದೂ ಒಂದು ಸಹಿ.

ಎರಡನೇಸಲ:
ಆ ಸಿನಿಮಾ ಶುರುವಾದದ್ದೇ ಟೋಕಿಯೋದ ಶಿಬುಯಾದಲ್ಲಿ ಹೆಸರಾಂತ ವಾಸ್ತುಶಿಲ್ಪಿಗಳು ಕಟ್ಟಿದ ಶೌಚಾಲಯಗಳ ಬಗ್ಗೆ ಕಿರುಚಿತ್ರ ಮಾಡಿ ಅಂತ ವೆಂಡರ್ಸ್‌ರನ್ನು ಕರೆದದ್ದರಿಂದ. ಹೊಳಪಿನ ಮೂಲ ಅದು. ನಿಮ್ಮ ದೂರು ನ್ಯಾಯವೇ. ಕೊನೇ ಶಾಟ್ ಬಗ್ಗೆ ಏನೂ ಹೇಳಲಿಲ್ಲ?

ಮಧ್ಯಂತರ:
ಹೇಳೋಕೆ ಬರಲ್ಲ. ವ್ಯಾನ್ ಓಡಿಸುತ್ತಿದ್ದಾನೆ, ಹಾಡು ಬರುತ್ತಿದೆ, ಮುಖದ ಮೇಲೆ ಬಿಸಿಲು. ನಗುತ್ತಾನೆ. ನಗುತ್ತಲೇ ಕಣ್ಣು ತುಂಬುತ್ತೆ. ಮತ್ತೆ ನಗುತ್ತಾನೆ. ಕ್ಯಾಮೆರಾ ಕದಲಲ್ಲ. ಕೋಜಿ ಯಾಕುಶೋಗೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಟ ಕೊಟ್ಟಿದ್ದು ಇದೊಂದಕ್ಕೇ ಅಂದರೂ ನಂಬುತ್ತೇನೆ. ಅಷ್ಟರಲ್ಲಿ ನನ್ನ ಆ್ಯಪ್ ಅವನ ಮುಖವನ್ನು ಅಂಚೆಚೀಟಿಯಷ್ಟು ಮಾಡಿ ಮೂಲೆಗೆ ತಳ್ಳಿತು. 'ಮುಂದೆ ಇದನ್ನು ನೋಡಿ, 5, 4, 3...' ಅಂತ ಯಾವುದೋ ಕಾರ್ ಚೇಸ್ ಹಾಕಿಬಿಟ್ಟಿತು. ಕೈಗೆ ಸಿಕ್ಕಿದ್ದು ಎಸೆಯಬೇಕು ಅನ್ನಿಸಿತು.

ಕಿವಿ ಮೊದಲು:
ಅಯ್ಯೋ. ಹಾಗಾದರೆ ಹೆಸರುಗಳೆಲ್ಲಾ ಮುಗಿದ ಮೇಲೆ ಬರೋದನ್ನು ನೀವು ನೋಡಿಲ್ಲ.

ಮಧ್ಯಂತರ:
ಏನು ಬರುತ್ತೆ?

ಕಿವಿ ಮೊದಲು:
ಹೇಳಲ್ಲ. ಹೋಗಿ ನೋಡಿ. ಆ್ಯಪ್ ಮೂಲೆಗೆ ತಳ್ಳಿದ ತಕ್ಷಣ ಆ ಪುಟ್ಟ ಚೌಕದ ಮೇಲೇ ಒತ್ತಿ, ದೊಡ್ಡದಾಗುತ್ತೆ.

ಮಧ್ಯಂತರ:
ನೋಡಿದೆ. ಹೆಸರುಗಳೆಲ್ಲಾ ಮುಗಿಯೋತನಕ ಕಾದೆ. ಒಂದೇ ಒಂದು ಜಪಾನಿ ಪದ, ಕೆಳಗೆ ಅದರ ಅರ್ಥ. ಕೊಮೊರೆಬಿ. ಗಾಳಿಗೆ ಎಲೆಗಳು ಅಲುಗುವಾಗ ಅವುಗಳ ನಡುವಿಂದ ಬೀಳುವ ಬೆಳಕು-ನೆರಳಿನ ಆಟ. ಆ ಕ್ಷಣಕ್ಕೆ ಮಾತ್ರ ಇರುತ್ತೆ ಅಂತಲೂ ಬರೆದಿದೆ. ಅವನು ದಿನಾ ಮಧ್ಯಾಹ್ನ ಮರದ ಕೆಳಗೆ ಕೂತು ಮೇಲೆ ನೋಡಿ ಫೋಟೋ ತೆಗೆಯುತ್ತಿದ್ದದ್ದು ಇದನ್ನೇ! ನಾನು ಅಷ್ಟೂ ಹೊತ್ತು ಹಕ್ಕಿ ಹುಡುಕುತ್ತಿದ್ದಾನೆ ಅಂದುಕೊಂಡಿದ್ದೆ.

ಪುಟ್ಟಿ ಅಪ್ಪ:
ಕನ್ನಡದಲ್ಲಿ ಅದಕ್ಕೆ ಒಂದೇ ಪದ ಇದೆಯಾ? ಬಿಸಿಲುಕೋಲು?

ಸುಮ್ನೆ ಒಬ್ಳು:
ಬಿಸಿಲುಕೋಲು ಅಂದರೆ ಹೆಂಚಿನ ಸಂದಿಯಿಂದ ನೇರ ಇಳಿಯೋದು, ಅದರಲ್ಲಿ ಧೂಳು ತೇಲುತ್ತಿರುತ್ತೆ. ಅದು ಅಲುಗಲ್ಲ. ಇದು ಅಲುಗಬೇಕು. ಎಲೆಬಿಸಿಲು ಅನ್ನಬಹುದೇನೋ.

ಕೊನೇಸಾಲು:
ಪದ ನೀವು ಹುಡುಕಿ. ನಾನು 'ಅಡಾಲಸೆನ್ಸ್' ಎಲ್ಲಿ ಬಿಟ್ಟಿದ್ದೆ ಅಂತ ಈಗ ತೆಗೆದು ನೋಡಿದೆ. ಎರಡನೇ ಕಂತು, 31ನೇ ನಿಮಿಷ, ಶಾಲೆಯ ಕಾರಿಡಾರು. ಇವತ್ತು ರಾತ್ರಿ ಅಲ್ಲಿಂದ ಮುಂದಕ್ಕೆ. ಡ್ರೋನು, ಸ್ಯಾಂಡ್‌ವಿಚ್ಚು ಎರಡೂ ಸಪ್ಪೆ ಅನ್ನಿಸಿದರೆ ನಾಳೆ ಇಲ್ಲೇ ಬಂದು ಹೆಸರು ಹಿಡಿದು ಬೈತೀನಿ, ಮೊದಲು ಕತ್ತರಿ ಅವರನ್ನ.

ಕತ್ತರಿ:
ಬೈಸಿಕೊಳ್ಳೋಕೆ ರೆಡಿ. ಹೊರಡೋ ಮುಂಚೆ ಟೀವಿಯ ಮೋಷನ್ ಆಫ್ ಮಾಡಿ.